ಬ್ಯಾರನ್ನಿನ ನಂಬರು

ಆಗಸ್ಟ್ 21, ಗುರುವಾರ

ಪಾಸ್‌ವರ್ಡ್ ಬದಲಾಯಿಸಿದೆ. ಇನ್ನು ಬದಲಾಯಿಸಿ ಏನು ಬಂತು? ಬೆಳಿಗ್ಗೆ ಪಹಣಿ ಹುಡುಕಲು ನನ್ನ ಕಂಪ್ಯೂಟರ್ ಮುಂದೆ ಕೂತ ಮೈದುನ ಮಹೇಶ ಆ ಫೋಲ್ಡರನ್ನೂ ತೆರೆದುಬಿಟ್ಟ. ಅದಕ್ಕೆ ನಾನು ಇಟ್ಟಿದ್ದ ಪಾಸ್‌ವರ್ಡ್ ನಮ್ಮ ತಂಬಾಕು ಬೇಯಿಸುವ ಬ್ಯಾರನ್ನಿನ ನಂಬರು. ಮರೆಯುವುದಿಲ್ಲ ಅಂತ ಅದನ್ನೇ ಇಟ್ಟಿದ್ದೆ. ಬ್ಯಾರನ್ ಗೋಡೆಯ ಮೇಲೆ ದಪ್ಪಗೆ ಬರೆದಿರುವ ನಂಬರು. ನನಗೇನು ಮಂಕು ಕವಿದಿತ್ತೋ.

"ಫೋನು, ಎಟಿಎಂ, ನಮ್ಮನೇಲಿ ಎಲ್ಲದ್ಕೂ ಅದೇ ನಂಬರಲ್ವಾ? ಪಹಣಿ ಇರ್ಬೋದು ಅಂತ ತೆಗ್ದೆ ಕಣತ್ತಿಗೆ" ಅಂದ. ತಲೆ ಎತ್ತಲಿಲ್ಲ.

ಅದರಲ್ಲಿದ್ದದ್ದು ಮೈಸೂರಿನ ಡಾಕ್ಟರ್ ಕೊಟ್ಟ ರಿಪೋರ್ಟು. ಮಕ್ಕಳಾಗದಿರುವುದು ನನ್ನಿಂದಲ್ಲ, ಇವರಿಂದ. ಯಾರಿಗೂ ಹೇಳುವುದಿಲ್ಲ ಎಂದು ಇವರಿಗೆ ಮಾತು ಕೊಟ್ಟಿದ್ದೆ. ಅತ್ತೆ ಬಂಜೆ ಅಂದಾಗಲೆಲ್ಲ ಬಾಯಿ ಮುಚ್ಚಿಕೊಂಡು ಪಾತ್ರೆ ತೊಳೆದಿದ್ದೆ.

ಮಹೇಶ ನೇರ ಹೋಗಿ ಅವ್ವನಿಗೆ ಹೇಳಿದ. ಅತ್ತೆ ಇವರನ್ನು ಕೇಳಿದರು. ಇವರು ನನ್ನ ಹತ್ತಿರ ಬಂದು, "ನೀನೇ ಹೇಳ್ಬುಟ್ಟೆ ಅಲ್ವಾ" ಅಂದು ಬ್ಯಾರನ್ ಕಡೆ ಹೊರಟರು. ನಂಬರಿನ ವಿಷಯ ಹೇಳುತ್ತ ಹಿಂದೆಯೇ ಓಡಿದೆ. ಒಲೆಗೆ ಸೌದೆ ನೂಕುತ್ತ ಕೂತರೇ ಹೊರತು ನನ್ನ ಕಡೆ ತಿರುಗಲಿಲ್ಲ. ಊಟಕ್ಕೂ ಬಂದಿಲ್ಲ. ಕಿಟಕಿಯಿಂದ ಆ ಬೆಂಕಿ ಈಗಲೂ ಕಾಣುತ್ತಿದೆ. ಹೋಗಲೇ, ಬೇಡವೇ? ಹೋಗಿ ಏನು ಹೇಳಲಿ?

ರಾತ್ರಿ ನನಗೆ ಅತ್ತೆಯೇ ಬಡಿಸಿದರು, ಈ ಮನೆಗೆ ಬಂದ ಮೇಲೆ ಮೊದಲ ಸಲ. "ಉಣ್ಣು ಮಗ" ಅಂತ ಮುದ್ದೆಯ ಮೇಲೆ ತುಪ್ಪ ಹಾಕಿದರು. ಮುದ್ದೆ ಮುರಿಯದೆ ಎದ್ದುಬಿಟ್ಟೆ. ಬೈದಿದ್ದರೆ ಉಂಡಿರುತ್ತಿದ್ದೆ.