ಮುಖ ನೋಡದೆ ಕೊಟ್ಟ ಔಷಧ

ಕಾಕಾ,

"ಇತ್ತ ಎಲ್ಲರೂ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ" ಅಂತ ಶುರು ಮಾಡಲು ಹೋಗಿ ಪೆನ್ನು ನಿಂತಿತು. ನಿಮ್ಮ ಕ್ಷೇಮ ಇನ್ನು ಯಾರನ್ನು ಕೇಳಲಿ? ನೀವು ಹೋಗಿ ವರ್ಷದ ಮೇಲೆ ಎರಡು ತಿಂಗಳಾಯಿತು. ಬಾಂದ್ರಾದಲ್ಲಿ ನಿಮ್ಮ ಮೆಡಿಕಲ್ ಅಂಗಡಿ ಇದ್ದ ಬಿಲ್ಡಿಂಗೂ ಈಗಿಲ್ಲ. ರೀಡೆವಲಪ್‌ಮೆಂಟಿಗೆ ಅಂತ ಕೆಡವಿ ಸುತ್ತ ನೀಲಿ ತಗಡು ಹೊಡೆದಿದ್ದಾರೆ. ಮೊನ್ನೆ ಆ ಕಡೆ ಹೋದಾಗ ತಗಡಿನ ಮುಂದೆ ಸ್ವಲ್ಪ ಹೊತ್ತು ನಿಂತೆ, ಅಂಗಡಿಯ ಬಿ-ಕಾಂಪ್ಲೆಕ್ಸ್ ವಾಸನೆ ಎಲ್ಲಾದರೂ ಉಳಿದಿದೆಯೇನೋ ಅಂತ. ಸಿಮೆಂಟಿನ ವಾಸನೆ ಬಂತು. ಇಷ್ಟು ದಿನ ಬಿಟ್ಟು ಈಗ ಬರೆಯಲು ಕಾರಣ ಒಂದು ಮಾತು. ಅದೇ ಅಂಗಡಿಯ ಕೌಂಟರಿನ ಮುಂದೆ ನಿಂತು ನಾನು ನಿಮಗೆ ಆಡಿದ್ದು, ವಾಪಸ್ ತೆಗೆದುಕೊಳ್ಳದೆ ಬಿಟ್ಟದ್ದು.

ಡಿ.ಫಾರ್ಮ್ ಸರ್ಟಿಫಿಕೇಟಿನ ಫೈಲು ಎದೆಗೆ ಅವಚಿಕೊಂಡು ಬಂದ ನನ್ನ ಮೊದಲ ದಿನ ನೆನಪಿದೆಯೇ? ನಮ್ಮ ಅಪ್ಪನ ಊರಾದ ವಿಜಯಪುರದ ಕಡೆಯವರು ನೀವು, ಅಷ್ಟೇ ಗುರುತು. ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ. ಆದರೆ ಇಡೀ ಗಲ್ಲಿಗೆ ನೀವು ಕಾಕಾ. ಮರಾಠಿಯವರಿಗೂ ಕಾಕಾ, ಮೂಲೆಯ ಹೋಟೆಲಿನ ಶೆಟ್ಟರಿಗೂ ಕಾಕಾ. ನೀವು ಫೈಲು ತೆರೆದೂ ನೋಡಲಿಲ್ಲ. ಯಾರೋ ಗಿರಾಕಿ ತಂದ ಖಾಲಿ ಸ್ಟ್ರಿಪ್ ನನ್ನ ಕೈಗಿಟ್ಟು ಏನು ಕಾಣುತ್ತದೆ ಅಂತ ಕೇಳಿದಿರಿ. ನಾನು ಗುಳಿಗೆಯ ಹೆಸರು, ಕಂಪನಿ, ಎಕ್ಸ್‌ಪೈರಿ ಎಲ್ಲ ಗಡಗಡ ಒಪ್ಪಿಸಿದೆ. ನೀವು ನಕ್ಕು, ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದಿರಿ. ಒಂದು ಗೂಡಿನಲ್ಲಿ ಅರ್ಧ ಗುಳಿಗೆ ಉಳಿದಿತ್ತು. ಆಯಮ್ಮ ದಿನಕ್ಕೊಂದು ನುಂಗುವ ಬದಲು ಅರ್ಧರ್ಧ ಮಾಡಿ ತಿಂಗಳು ದೂಡುತ್ತಿದ್ದಳು. "ಬಾಯಿ ಸುಳ್ಳ ಹೇಳತೈತಿ ತಂಗಿ, ಖಾಲಿ ಸ್ಟ್ರಿಪ್ ಹೇಳೂದಿಲ್ಲ," ಅಂದಿರಿ. ಬೇರೆ ಅಂಗಡಿಯವರು ಖಾಲಿ ಸ್ಟ್ರಿಪ್ ತರಹೇಳುವುದು ಹೆಸರು ಓದಿಕೊಳ್ಳಲು. ನೀವು ಯಾಕೆ ತರಹೇಳುತ್ತೀರಿ ಅಂತ ಆವತ್ತು ಗೊತ್ತಾಯಿತು. ಆಮೇಲೆ ಶೆಟ್ಟರ ಹೋಟೆಲಿನಿಂದ ಚಹಾ ತರಿಸಿದಿರಿ.

ಸಾವಂತ್ ಮಾಸ್ತರರ ವಿಷಯ ಎತ್ತದೆ ಮುಂದೆ ಹೋಗುವ ಹಾಗಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಬಿ.ಪಿ. ಗುಳಿಗೆಗೆ ಪ್ರತಿ ತಿಂಗಳು ತಪ್ಪದೆ ಬರುತ್ತಿದ್ದ ರಿಟೈರ್ಡ್ ಮಾಸ್ತರರು. ಅವರ ಛತ್ರಿ ಗಲ್ಲಿಯ ತಿರುವಿನಲ್ಲಿ ಕಂಡರೆ ಸಾಕು, ನೀವು ಡಬ್ಬಿ ಇಳಿಸಿ ಸ್ಟ್ರಿಪ್ ತೆಗೆದಿಡುತ್ತಿದ್ದಿರಿ. ಆ ತಿಂಗಳು ಡಾಕ್ಟರು ಡೋಸ್ ಅರ್ಧಕ್ಕೆ ಇಳಿಸಿದ್ದರು. ಹೊಸ ಚೀಟಿ ಮಾಸ್ತರರ ಅಂಗಿ ಜೇಬಿನಲ್ಲೇ ಇತ್ತು. ನೀವು ಕೇಳಲಿಲ್ಲ, ಅವರು ಕೊಡಲಿಲ್ಲ, ಇಬ್ಬರೂ ಕ್ರಿಕೆಟ್ ಮಾತಾಡಿಕೊಂಡು ನಿಂತಿರಿ, ಹಳೇ ಡೋಸಿನ ಸ್ಟ್ರಿಪ್ಪೇ ಹೋಯಿತು. ನಾಲ್ಕನೇ ದಿನ ಅವರು ಮನೆಯ ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ತಪ್ಪು ನನ್ನದು ಅಂತ ನೀವೇ ಅವರ ಮನೆಗೆ ಹೋಗಿ ಹೇಳಿದಿರಿ. ಪ್ಲಾಸ್ಟರ್ ಬಿಚ್ಚುವ ತನಕ ದಿನಾ ಸಂಜೆ ಹೋಗಿ ಅವರ ಪಕ್ಕ ಕೂತು ಬಂದಿರಿ. ಮಾಸ್ತರರು ಮರೆತರು, ನೀವು ಮರೆಯಲಿಲ್ಲ. ಅಂಗಡಿಯಲ್ಲಿ ಆ ಹೆಸರು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ.

ಕೆಲಸ ಬಿಡುತ್ತೇನೆ ಅಂತ ಹೇಳಿದ ದಿನ ನಾನು ಅದನ್ನೇ ಎತ್ತಿದೆ. ಮಗಳು ಆಗ ಆರು ತಿಂಗಳವಳು. ಮಲಾಡ್‌ನಿಂದ ಬೆಳಗಿನ ಲೋಕಲ್ ರೈಲಿನಲ್ಲಿ ನುಗ್ಗಿ ಬಂದು, ಸಂಜೆ ತನಕ ಕೌಂಟರಿನಲ್ಲಿ ನಿಂತು, ಮತ್ತೆ ಅದೇ ಲೋಕಲ್‌ನಲ್ಲಿ ಹೋಗುವುದು ನನ್ನಿಂದ ಆಗುತ್ತಿರಲಿಲ್ಲ. ಆನ್‌ಲೈನ್ ಫಾರ್ಮಸಿಯೊಂದರಲ್ಲಿ ಮನೆಯಿಂದಲೇ ಮಾಡುವ ಕೆಲಸ ಸಿಕ್ಕಿದೆ, ಲ್ಯಾಪ್‌ಟಾಪ್ ಅವರೇ ಕೊಡುತ್ತಾರೆ ಅಂದೆ. ನೀವು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಿರಿ. "ಗಿರಾಕಿ ಮಾರಿ ನೋಡಲಾರದೆ ಔಷಧ ಕೊಡಬಾರದು ತಂಗಿ." ಬೈದದ್ದಲ್ಲ, ಮೆಲ್ಲಗೆ ಹೇಳಿದ್ದು. ಮೆಲ್ಲಗೆ ಹೇಳಿದ್ದಕ್ಕೇ ನನಗೆ ಹೆಚ್ಚು ಉರಿಯಿತು. "ಮಾರಿ ನೋಡಿ ಕೊಟ್ಟಾಗೂ ಸಾವಂತ್ ಮಾಸ್ತರ ಬಿದ್ರಲ್ಲ, ಕಾಕಾ?" ಅಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀವು "ಖರೆ" ಅಂದಿರಿ, ಕತ್ತರಿ ಎತ್ತಿಕೊಂಡು ಯಾರದೋ ಸ್ಟ್ರಿಪ್ ಕತ್ತರಿಸತೊಡಗಿದಿರಿ. ಅಲ್ಲೇ, ಆಗಲೇ ನಾನು ಒಂದು ಮಾತು ಕ್ಷಮಿಸಿ ಅಂದಿದ್ದರೆ... ಅನ್ನಲಿಲ್ಲ. ನನಗೆ ಲೋಕಲ್ ಹಿಡಿಯುವ ಅವಸರವಿತ್ತು.

ಮುಂದಿನ ವರ್ಷ ಬಿಲ್ಡಿಂಗ್ ಖಾಲಿ ಮಾಡಿಸಿದರು, ಅಂಗಡಿ ಮುಚ್ಚಿತು, ನಿಮಗೆ ಹಾರ್ಟಿನ ತೊಂದರೆ ಕಾಣಿಸಿಕೊಂಡಿತು. ಊರಿಗೆಲ್ಲ ಔಷಧ ಕೊಟ್ಟ ಗಂಡ ತಮ್ಮ ಗುಳಿಗೆಯನ್ನೇ ಮರೆಯುತ್ತಾರೆ ಅಂತ ಕಾಕು ನನಗೆ ಫೋನ್ ಮಾಡಿ ದೂರು ಕೊಟ್ಟರು. ಅಂದಿನಿಂದ ಬೆಳಿಗ್ಗೆ ಎಂಟೂವರೆಗೆ, ನಾನು ಲಾಗಿನ್ ಆಗುವ ಮೊದಲು, ನಿಮಗೊಂದು ಫೋನು. "ಕಾಕಾ, ಗುಳಿಗಿ?" ಅನ್ನುತ್ತಿದ್ದೆ. ನೀವು "ಹೂಂ" ಅಂದು ಇಟ್ಟುಬಿಡುತ್ತಿದ್ದಿರಿ. ಒಂದೂವರೆ ವರ್ಷ ನಮ್ಮಿಬ್ಬರ ನಡುವೆ ಅಷ್ಟೇ ಮಾತು. ನೀವು ಇನ್ನೊಂದು ಮಾತು ಆಡಿದ್ದರೂ ನಾನು ಆ ವಿಷಯಕ್ಕೆ ಬರುತ್ತಿದ್ದೆನೇನೋ. ನಿಮ್ಮ ಸಿಟ್ಟು ಇಳಿದಿಲ್ಲ ಅಂದುಕೊಂಡೆ. ನಾಳೆ ಕೇಳೋಣ, ಭಾನುವಾರ ಮನೆಗೇ ಹೋಗಿ ಕಾಲು ಹಿಡಿಯೋಣ ಅಂತ ನಾನೂ ಅರ್ಧರ್ಧ ಗುಳಿಗೆಯ ಆಯಮ್ಮನ ಹಾಗೆ ದಿನ ದೂಡಿದೆ. ಒಂದು ಬೆಳಿಗ್ಗೆ ಎಂಟೂವರೆಗೆ ಫೋನ್ ಎತ್ತಿದ್ದು ಕಾಕು.

ನನ್ನ ಕೆಲಸ ಹೇಗೆ ನಡೆಯುತ್ತದೆ ಅಂತ ನೀವು ಒಂದು ಸಲವೂ ಕೇಳಲಿಲ್ಲ, ಈಗ ಕೇಳಿ. ಅಡುಗೆಮನೆಯ ಕಿಟಕಿ ಪಕ್ಕ ಒಂದು ಮಡಚುವ ಟೇಬಲ್ಲು. ಸ್ಕ್ರೀನಿನ ಎಡಗಡೆ ಡಾಕ್ಟರ ಚೀಟಿಯ ಫೋಟೊ, ಬಲಗಡೆ ಗಿರಾಕಿ ಹಾಕಿದ ಆರ್ಡರು. ಎರಡೂ ಹೊಂದಿದರೆ ಹಸಿರು ಬಟನ್, ಅನುಮಾನ ಬಂದರೆ ಫೋನು. ಪ್ಯಾಕ್ ಮಾಡುವ ಫಾರ್ಮಸಿಸ್ಟರು ಭಿವಂಡಿಯ ಗೋಡೌನಿನಲ್ಲಿದ್ದಾರೆ, ಅವರನ್ನೂ ನಾನು ನೋಡಿಲ್ಲ. ಎಂಟು ವರ್ಷ ನಿಮ್ಮ ಕತ್ತರಿ ಹಿಡಿದ ಈ ಕೈ ಈಗ ಒಂದು ಗುಳಿಗೆಯನ್ನೂ ಮುಟ್ಟುವುದಿಲ್ಲ. ಚೀಟಿಯ ಅಂಚಿನಲ್ಲಿ ಒಮ್ಮೊಮ್ಮೆ ಯಾರದೋ ಹೆಬ್ಬೆರಳು ಕಾಣುತ್ತದೆ, ಊಟದ ಟೇಬಲ್ಲಿನ ಹೂವಿನ ಚಿತ್ರದ ಪ್ಲಾಸ್ಟಿಕ್ ಹಾಸು ಕಾಣುತ್ತದೆ. ನನಗೆ ಸಿಗುವ ಮುಖ ಅಷ್ಟೇ. ನಿನ್ನ ಅಮ್ಮ ಏನು ಕೆಲಸ ಮಾಡುತ್ತಾಳೆ ಅಂತ ಯಾರಾದರೂ ಕೇಳಿದರೆ ನನ್ನ ಮಗಳು, ಮಮ್ಮಿ ಗ್ರೀನ್ ಬಟನ್ ದಬಾಯಿಸ್ತಾಳೆ ಅನ್ನುತ್ತಾಳೆ. ಸುಳ್ಳೇನಲ್ಲ, ದಿನವಿಡೀ ಒತ್ತುವುದು ಅದನ್ನೇ.

ಹೋದ ತಿಂಗಳು ಒಂದು ಮಂಗಳವಾರ ಪವಾಯಿಯಿಂದ ಒಂದು ಆರ್ಡರ್ ಬಂತು. ಸಂಧಿವಾತಕ್ಕೆ ಕೊಡುವ ಆ ಸಣ್ಣ ಹಳದಿ ಗುಳಿಗೆ. ಹೆಸರು ಬರೆಯಬೇಕಿಲ್ಲ, ನಿಮಗೆ ಗೊತ್ತು. ವಾರಕ್ಕೆ ಒಂದೇ ಒಂದು. ದಿನಾ ನುಂಗಿದರೆ ಜೀವಕ್ಕೇ ಅಪಾಯ. ಉಳಿದ ಆರು ದಿನಕ್ಕೆ ಬೇರೆ ಒಂದು ವಿಟಮಿನ್ ಗುಳಿಗೆ, ಅದೂ ಸಣ್ಣದು, ಅದೂ ಹಳದಿ. ಚೀಟಿ ಸರಿಯಿತ್ತು, ಡಾಕ್ಟರ ಸಹಿ ಸರಿಯಿತ್ತು, ಬೆರಳು ಹಸಿರು ಬಟನ್ ಮೇಲಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಹಿಂದಿನ ಆರ್ಡರಿನ ತಾರೀಖು ಕಂಡಿತು. ಬರೀ ಒಂಬತ್ತು ದಿನದ ಹಿಂದೆ ಇದೇ ಗುಳಿಗೆ ಹತ್ತು ಹೋಗಿವೆ. ಹತ್ತು ವಾರ ಬರಬೇಕಾದದ್ದು! ಯಾರು ಪಾಸ್ ಮಾಡಿದ್ದು ಅಂತ ನೋಡಿದರೆ ನನ್ನದೇ ಹೆಸರು. ಚೀಟಿ ಸ್ಪಷ್ಟವಾಗಿದೆ ಅಂತ ಆವತ್ತು ಫೋನ್ ಮಾಡಿರಲಿಲ್ಲ. ಬಟನ್ ಬಿಟ್ಟು ಗಿರಾಕಿಯ ನಂಬರ್ ಒತ್ತಿದೆ ಕಾಕಾ.

ಫೋನ್ ಎತ್ತಿದ್ದು ಒಬ್ಬ ವಯಸ್ಸಾದ ಹೆಂಗಸು. ಫಾರ್ಮಸಿಯಿಂದ ಅಂದ ತಕ್ಷಣ ಓಟಿಪಿ ಕೊಡುವುದಿಲ್ಲ ಅಂತ ಇಟ್ಟುಬಿಟ್ಟರು. ಅವರ ತಪ್ಪಲ್ಲ, ಈಗ ಗುರುತಿಲ್ಲದ ಫೋನ್ ಅಂದರೆ ಎಲ್ಲರಿಗೂ ಮೋಸದ್ದೇ. ಎರಡನೇ ಸಲ ಪೊಲೀಸರಿಗೆ ಹೇಳುತ್ತೇನೆ ಅಂದರು. ಆದರೆ ಆ ಎರಡು ಬೈಗುಳದಲ್ಲಿ ನನಗೊಂದು ವಿಷಯ ಕಿವಿಗೆ ಬಿತ್ತು. ಬಿಸಿ ಅನ್ನ ಬಾಯಿಗಿಟ್ಟುಕೊಂಡವರ ಹಾಗೆ ಮಾತು, ನಾಲಿಗೆ ಸರಿಯಾಗಿ ಹೊರಳುತ್ತಿಲ್ಲ. ಗಿರಾಕಿ ಏನು ಹೇಳುತ್ತಾರೆ ಅನ್ನುವುದಕ್ಕಿಂತ ಹೇಗೆ ಹೇಳುತ್ತಾರೆ ನೋಡು ಅಂತ ನೀವು ಎಷ್ಟು ಸಲ ಕೌಂಟರಿನ ಹಿಂದೆ ಮೊಣಕೈಯಿಂದ ತಿವಿದಿಲ್ಲ ನನ್ನನ್ನು? ಮೂರನೇ ಸಲ ಕಂಪನಿ ಹೆಸರು ಹೇಳಲಿಲ್ಲ, ನನ್ನ ಹೆಸರೂ ಹೇಳಲಿಲ್ಲ. "ಆಂಟಿ, ಮೂಹ್ ಮೇ ಛಾಲೇ ಹೋ ಗಯೇ ಹೈ ಕ್ಯಾ?" ಅಂದೆ, ಬಾಯಲ್ಲಿ ಹುಣ್ಣಾಗಿದೆಯಾ ಅಂತ. ಈ ಸಲ ಅವರು ಫೋನ್ ಇಡಲಿಲ್ಲ. ಮೂರು ದಿನದಿಂದ ನೀರು ಕುಡಿದರೂ ಉರಿಯುತ್ತದೆ, ನಿನಗೆ ಯಾರು ಹೇಳಿದರು ಮಗಳೇ ಅಂತ ಕೇಳಿದರು.

ಎರಡೂ ಸ್ಟ್ರಿಪ್ ಕೈಯಲ್ಲಿ ಹಿಡಿಯಿರಿ, ಖಾಲಿ ಗೂಡು ಎಣಿಸಿ ಅಂದೆ. ಅವರು ಗಟ್ಟಿಯಾಗಿ ಎಣಿಸಿದರು, ನಾನು ಇಲ್ಲಿ ಕಣ್ಣು ಮುಚ್ಚಿಕೊಂಡು ಕೇಳಿದೆ. ವಾರಕ್ಕೊಂದರ ಸ್ಟ್ರಿಪ್‌ನಲ್ಲಿ ಏಳು ಖಾಲಿ. ದಿನದ ವಿಟಮಿನ್‌ನಲ್ಲಿ ಒಂದೇ. ಅದಲು ಬದಲು ಮಾಡಿಕೊಂಡಿದ್ದರು. ಮೂರೇ ಉಳಿದವಲ್ಲ, ಒಂದು ದಿನವೂ ತಪ್ಪಬಾರದು ಅಂತ ಡಾಕ್ಟರು ಹೇಳಿದ್ದಾರೆ ಅಂದುಕೊಂಡು ಮತ್ತೆ ಆರ್ಡರ್ ಹಾಕಿದ್ದರು, ಪಾಪ. ಇನ್ನೊಂದು ಫೋನಿನಿಂದ ಚೀಟಿಯಲ್ಲಿದ್ದ ನಂಬರಿಗೆ ಮಾಡಿದರೆ ಡಾಕ್ಟರು ಈಗಿಂದೀಗಲೇ ಅಡ್ಮಿಟ್ ಮಾಡಿಸಿ ಅಂದರು. ಪಕ್ಕದ ಫ್ಲ್ಯಾಟಿನವರು ಬಂದು ಅವರನ್ನು ಲಿಫ್ಟಿಗೆ ಹತ್ತಿಸುವ ತನಕ ನಾನು ಲೈನಿನಲ್ಲೇ ಇದ್ದೆ. ಅಷ್ಟರಲ್ಲಿ ನನ್ನ ಸ್ಕ್ರೀನಿನಲ್ಲಿ ಚೀಟಿಗಳ ಸಾಲು ಬೆಳೆದು, ಮ್ಯಾನೇಜರು ಯಾಕೆ ಯಾಕೆ ಅಂತ ಮೆಸೇಜಿನ ಮೇಲೆ ಮೆಸೇಜು ಹಾಕುತ್ತಿದ್ದರು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಆಂಟಿ ಮನೆಗೆ ಬಂದರು. ಬದುಕಿದರು ಕಾಕಾ.

ಅವರು ಮನೆಗೆ ಬಂದ ಸುದ್ದಿ ಕೇಳಿದ ದಿನ ಕೆಲಸ ಮುಗಿಸಿ ಅಲ್ಲೇ ಟೇಬಲ್ಲಿನ ಮುಂದೆ ಕೂತು ನಿಮ್ಮೊಂದಿಗೆ ಮನಸ್ಸಿನಲ್ಲೇ ಜಗಳವಾಡಿದೆ. ತಾರೀಖು ಹೇಳಿದ್ದು ಸ್ಕ್ರೀನು, ಅವರು ಎರಡನೇ ಸಲ ಬೇರೆ ಅಂಗಡಿಗೆ ಹೋಗಿದ್ದರೆ ಯಾರಿಗೆ ತಿಳಿಯುತ್ತಿತ್ತು ಅಂದೆ. ನೀವು ಏನನ್ನುತ್ತೀರಿ ಅಂತಲೂ ಗೊತ್ತಿತ್ತು. ಮೊದಲ ಸಲವೇ ನಿಮ್ಮ ಕೌಂಟರಿಗೆ ಬಂದಿದ್ದರೆ ಯಾವುದು ಯಾವ ದಿನ ಅಂತ ಅವರ ಬಾಯಿಂದಲೇ ಎರಡು ಸಲ ಹೇಳಿಸಿ ಕಳಿಸುತ್ತಿದ್ದಿರಿ, ಏಳು ಗುಳಿಗೆ ಅವರ ಹೊಟ್ಟೆಗೆ ಹೋಗುತ್ತಲೇ ಇರಲಿಲ್ಲ. ನೀವು ಮುಖ ನೋಡಿಕೊಂಡು ಚೀಟಿ ಮರೆತಿರಿ. ನಾನು ಚೀಟಿ ನೋಡಿಕೊಂಡು ಮುಖ ಮರೆತೆ. ಹೀಗಿರುವಾಗ ನಿಮ್ಮ ಗಾಯಕ್ಕೆ ಕೈ ಹಾಕಲು ನಾನು ಯಾರು? ಆ ಮಾತು ನಿಮಗೆ ನೋವಾಗಲಿ ಅಂತಲೇ ಆಡಿದ್ದು, ವಾದ ಗೆಲ್ಲಲಿಕ್ಕೆ. ತಪ್ಪಾಯಿತು, ಕ್ಷಮಿಸಿ. ಬರೆಯಲು ಒಂದು ನಿಮಿಷ ಹಿಡಿಯಲಿಲ್ಲ ನೋಡಿ. ಬಾಯಿಂದ ಬರಲು ಎರಡೂವರೆ ವರ್ಷ ಸಾಲಲಿಲ್ಲ.

ಈಗ ನಮ್ಮಲ್ಲಿ ಆ ಗುಳಿಗೆ ಮೊದಲ ಸಲ ಹೋಗುವಾಗಲೂ ಫೋನ್ ಮಾಡದೆ ಹಸಿರು ಬಟನ್ ಒತ್ತಲು ಆಗುವುದಿಲ್ಲ. ನಾಲ್ಕು ಮೀಟಿಂಗ್ ಆಯಿತು, ಟೈಮ್ ವೇಸ್ಟ್ ಅಂದರು, ನಾನು ಬಿಡಲಿಲ್ಲ. ಹಟದಲ್ಲಿ ನಾನು ಯಾರ ಶಿಷ್ಯೆ?

ಹೋದ ಭಾನುವಾರ ಕಾಕು ಹತ್ತಿರ ಹೋಗಿ ಇದೆಲ್ಲ ಹೇಳಿ ಅತ್ತುಬಿಟ್ಟೆ. ಕಾಕಾ ಕೊನೆತನಕ ಸಿಟ್ಟಿನಲ್ಲೇ ಹೋದರು, ಹೂಂ ಬಿಟ್ಟು ಬೇರೆ ಮಾತೇ ಆಡಲಿಲ್ಲ ಅಂದೆ. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಕಾಕು ಕೈ ನಿಲ್ಲಿಸಿ, ಇವಳಿಗೇನಾಯಿತು ಅನ್ನುವ ಹಾಗೆ ನನ್ನನ್ನು ನೋಡಿದರು.

"ಸಿಟ್ಟ ಎಲ್ಲೀದವಾ? ನಿನ್ನ ಫೋನ್ ಬರೂತನಕ ಅವರು ಗುಳಿಗಿ ನುಂಗತಿದ್ದಿಲ್ಲ. ಎಂಟಕ್ಕನ ಅಂಗೈಯಾಗ ಹಿಡಕೊಂಡು, ಮುಂದ ನೀರಿನ ಗ್ಲಾಸ್ ಇಟಗೊಂಡು ಕುಂತಬಿಡೋರು. ನಾ ನುಂಗ್ರಿ ಅಂದ್ರ, ತಡಿ, ನಮ್ಮ ಫಾರ್ಮಸಿಸ್ಟ್ ಹೇಳಲಿ ಅಂತಿದ್ರು."

ಮುಖ ನೋಡದೆ ಔಷಧ ಕೊಡಬಾರದು ಅಂದವರು ನೀವು. ಒಂದೂವರೆ ವರ್ಷ ದಿನಾ, ನಾನು ಮಲಾಡ್‌ನಲ್ಲಿ ಕೂತು ಹೇಳಿದ ಮೇಲೆ ನುಂಗಿದಿರಿ. ನನಗೊಂದು ಮಾತು ಹೇಳಬಾರದಿತ್ತೇ ಕಾಕಾ? ಹೇಳಿದ್ದರೆ ನಾನು...

ಕಾಕುಗೆ ಶುಗರ್ ಶುರುವಾಗಿದೆ, ನಿಮ್ಮ ಕಾಲಕ್ಕೆ ಇರಲಿಲ್ಲ. ಗಾಬರಿ ಬೇಡ, ದಿನಕ್ಕೆ ಒಂದೇ ಗುಳಿಗೆ. ಸೋಮವಾರದಿಂದ ನನ್ನ ಎಂಟೂವರೆಯ ಫೋನು ಅವರಿಗೆ, ಅದೂ ವಿಡಿಯೊ. ಮೊದಲ ದಿನ ನನಗೆ ಸೀಲಿಂಗ್ ಫ್ಯಾನ್ ಒಂದೇ ಕಂಡಿತು. ಈಗ ಸ್ಟ್ರಿಪ್ಪನ್ನು ನಿಮ್ಮ ಹಾಗೇ ಬೆಳಕಿಗೆ ಹಿಡಿದು ತೋರಿಸಲು ಕಲಿತಿದ್ದಾರೆ. ಈ ಫೋನು ನಾನು ತಪ್ಪಿಸುವುದಿಲ್ಲ. ಗಡಿಯಾರದಲ್ಲಿ ಎಂಟು ಇಪ್ಪತ್ತೆಂಟು, ಪತ್ರ ಇಲ್ಲಿಗೆ ಸಾಕು. ಅವರು ಅಂಗೈಯಲ್ಲಿ ಗುಳಿಗೆ ಹಿಡಿದು ಕೂತಿರುತ್ತಾರೆ.

ನಿಮ್ಮ ಫಾರ್ಮಸಿಸ್ಟ್,
ಶೈಲಾ