ಪಕ್ಕದ ಸೀಟಿನ ಭಾರ

ಕಿಹ್ನು ದ್ವೀಪ
ಬುಧವಾರ, 9 ಫೆಬ್ರವರಿ 2011

ನನ್ನ ಮುದ್ದಿನ ರೀತ್,

ನಿನಗೂ ನಮ್ಮ ಪುಟಾಣಿಗೂ ಕೆನ್ನೆ ತುಂಬ ಮುತ್ತು. ಅಳಿಯ ರೈವೋಗೆ ಮುತ್ತಿಲ್ಲ, ಬರೀ ಥ್ಯಾಂಕ್ಸ್. ಅವನು ಪಾರ್ನುವಿನಿಂದ ಕಳಿಸಿದ ಬಿಸಿಯಾಗುವ ಹಿಡಿಕೆಗಳನ್ನು ಮೋಟರ್‌ಸೈಕಲ್ಲಿಗೆ ಹಾಕಿದ್ದೇನೆ. ನಮ್ಮಮ್ಮನ ಕಾಲದ ಹೆಂಗಸರು ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ನಿನ್ನ ಪತ್ರ ಓದಿದೆ. ಭಾನುವಾರ ನಮ್ಮ ಚರ್ಚಿನಲ್ಲಿ ಪಾಪುವಿಗೆ ಹೆಸರಿಡಬೇಕು, ಅದಕ್ಕೆ ಶನಿವಾರ ನಾನೇ ಹೆಪ್ಪುಗಟ್ಟಿದ ಕಡಲು ದಾಟಿ ಬಂದು ನಿಮ್ಮಿಬ್ಬರನ್ನೂ ಸೈಡ್‌ಕಾರಿನಲ್ಲಿ ಕೂರಿಸಿಕೊಂಡು ಹೋಗಬೇಕು ಎಂದು ಬರೆದಿದ್ದೀಯ. ಚಳಿಗಾಲದಲ್ಲಿ ಹುಟ್ಟಿದ ಕಿಹ್ನು ಮಕ್ಕಳೆಲ್ಲ ಊರಿಗೆ ಬಂದದ್ದು ಹಾಗೆಯೇ, ನೀನೂ ಹಾಗೆಯೇ ಬಂದವಳು. ನನಗೂ ಅದೇ ಆಸೆ. ಆದರೆ ಅದಕ್ಕೆ ಮೊದಲು ಒಂದು ವಿಷಯ ಹೇಳಬೇಕು. ಫೋನಿನಲ್ಲಿ ಹೇಳಿದರೆ ನನ್ನ ದನಿ ಕೇಳಿಯೇ ನೀನು ಗಾಬರಿಯಾಗುತ್ತೀಯ.

ಗಾಡಿಯ ಬಗ್ಗೆ ಚಿಂತೆ ಬೇಡ. ಬೇಸಿಗೆಯ ಗಟ್ಟಿ ಎಣ್ಣೆ ತೆಗೆದು ತೆಳು ಎಣ್ಣೆ ಹಾಕಿದ್ದೇನೆ. ಬ್ಯಾಟರಿ ದಿನವೂ ಮನೆಯೊಳಗೆ ಒಲೆ ಪಕ್ಕದಲ್ಲೇ ಮಲಗುತ್ತದೆ, ಬೆಕ್ಕಿಗೆ ಅದರ ಮೇಲೆ ಹೊಟ್ಟೆಕಿಚ್ಚು. ಕ್ಲಚ್ಚಿನ ತಂತಿಯೊಳಗೆ ಹನಿ ನೀರಿದ್ದರೂ ದಾರಿ ಮಧ್ಯೆ ಹೆಪ್ಪುಗಟ್ಟಿ ಕೈಕೊಡುತ್ತದೆಂದು ತಂತಿಗಳನ್ನೆಲ್ಲ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ತುಂಬಿದೆ. ಮಂಜಿನ ಮೇಲೆ ಜಾರದ ಹಾಗೆ ಮೂರು ಚಕ್ರಕ್ಕೂ ಮೊಳೆ ಹೊಡೆದ ಟೈರು. ಮುಂದಿನ ಗಾಳಿಗಾಜು ಮಾತ್ರ ಹಳೇ ದೋಣಿಯ ಕಿಟಕಿಯದು. ಚೆಂದವಿಲ್ಲ, ಆದರೆ ಗಾಳಿ ಒಳಗೆ ನುಗ್ಗುವುದಿಲ್ಲ.

ತೊಂದರೆ ಇರುವುದು ಸೈಡ್‌ಕಾರಿನಲ್ಲಿ. ಖಾಲಿ ಓಡಿಸುವಾಗ ಅದರೊಳಗೆ ಒಂದು ಕಲ್ಲು ಇಡುತ್ತೇವಲ್ಲ, ಮಂಜುಗಡ್ಡೆಗೆ ಇಳಿಯುವ ಮುಂಚೆ ಭಾರ ಬೇಡವೆಂದು ಅದನ್ನು ತೆಗೆದಿಟ್ಟೆ. ಕಲ್ಲಿಲ್ಲದಿದ್ದರೆ ಬಲಕ್ಕೆ ತಿರುಗಿಸಿದಾಗ ಸೈಡ್‌ಕಾರಿನ ಚಕ್ರ ನೆಲ ಬಿಟ್ಟು ಮೇಲೇಳಬೇಕು. ಚಿಕ್ಕವಳಿದ್ದಾಗ ನೀನು ಅದಕ್ಕೆ ಕಿರುಚಿ ಕುಣಿಯುತ್ತಿದ್ದೆ. ಈ ಸಲ ಏಳಲಿಲ್ಲ. ಸ್ಪ್ರಿಂಗ್ ತುಕ್ಕು ಹಿಡಿದಿದೆಯೆಂದು ಬಿಚ್ಚಿ ನೋಡಿದೆ, ಚೆನ್ನಾಗಿಯೇ ಇತ್ತು. ಆದರೂ ಬದಲಾಯಿಸಿ ಗಟ್ಟಿಯಾದದ್ದು ಹಾಕಿದೆ. ದಡದ ಮೇಲೆ ನೆಟ್ಟಗೆ ನಿಲ್ಲುತ್ತದೆ. ಮಂಜುಗಡ್ಡೆಗೆ ಇಳಿದು ಸ್ವಲ್ಪ ದೂರ ಹೋದ ಕೂಡಲೇ ಬಲಗಡೆ ಕುಸಿಯುತ್ತದೆ, ಯಾರೋ ಹತ್ತಿ ಕೂತ ಹಾಗೆ. ಸೀಟಿನ ಮೇಲೆ ಹೊದಿಸುವ ತಾಡಪಾಲು ಒಳಗಡೆ ಒದ್ದೆಯಾಗಿತ್ತು. ಹಿಮ ಕರಗಿರಬೇಕೆಂದು ಬೆರಳಿಂದ ಮುಟ್ಟಿ ನಾಲಿಗೆಗೆ ಇಟ್ಟೆ. ಉಪ್ಪು.

ಮತ್ತೊಮ್ಮೆ ಸ್ಪ್ರಿಂಗ್ ಬಿಚ್ಚುತ್ತಿದ್ದಾಗ ಪಕ್ಕದ ಮನೆಯ ವಿಲ್ಮಾ ಅಜ್ಜಿ ಬಂದು ನಿಂತಳು. ಅವಳ ಬಾಯಿ ನಿನಗೆ ಗೊತ್ತಲ್ಲ.

"ಏನೇ ಹೆಲ್ಯು, ಎಷ್ಟು ಸಲ ಬಿಚ್ತೀಯೆ ಅದನ್ನ? ನಿನ್ನ ಕೈಗೆ ಸಿಕ್ಕಿದ್ದಕ್ಕೆ ಆ ಗಾಡಿ ಅಳ್ತಾ ಇದೆ ನೋಡು."

"ಸ್ಪ್ರಿಂಗ್ ಕೂರ್ತಾ ಇದೆ ಅಜ್ಜಿ."

"ಸ್ಪ್ರಿಂಗಲ್ಲ ಕಣೆ ಕೂರ್ತಿರೋದು. ನಿನ್ನ ಲಂಗ ನೋಡ್ಕೋ."

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ ಎಂದು ರೇಗಿದೆ. ಅವಳು ರೇಗಲಿಲ್ಲ. "ಮಿಹ್ಕೆಲ್ ದೋಣಿ ಸಮೇತ ಹೋಗಿ ಎರಡು ಚಳಿಗಾಲ ಆಯ್ತು. ನೀನಿನ್ನೂ ಕೆಂಪು ಲಂಗ ಉಟ್ಕೊಂಡು ದಡದಲ್ಲಿ ಓಡಾಡ್ತಿದೀಯ. ಗಂಡ ಸತ್ತೋಳು ಕಪ್ಪು ಉಡದಿದ್ರೆ, ತಾನು ಸತ್ತಿದೀನಿ ಅಂತ ಅವನಿಗೆ ಹೇಗೆ ಗೊತ್ತಾಗ್ಬೇಕು?"

ರೀತ್, ನನಗೆ ಭಯವಾಗಬೇಕಿತ್ತು. ಆಗಲಿಲ್ಲ. ನಿಮ್ಮಪ್ಪನ ಹೆಣ ಸಿಗುವವರೆಗೆ ಕಪ್ಪು ಉಡುವುದಿಲ್ಲ ಎಂದು ಹಟ ಹಿಡಿದವಳು ನಾನೇ. ಗಾಡಿ ಪರೀಕ್ಷೆ ಮಾಡುತ್ತೇನೆ ಎಂದು ಊರಿಗೆಲ್ಲ ಹೇಳಿಕೊಂಡು ಆಮೇಲೆ ದಿನವೂ ಮಧ್ಯಾಹ್ನ ಮಂಜುಗಡ್ಡೆಗೆ ಹೋದೆ. ಬಲಕ್ಕೆ ತಿರುಗುವಾಗ ಪಕ್ಕದಲ್ಲಿ ಕೂತವರು ಹೊರಗೆ ವಾಲಬೇಕು. ನಿಮ್ಮಪ್ಪ ಮಾತ್ರ ಯಾವಾಗಲೂ ನನ್ನ ಕಡೆಗೇ ವಾಲುತ್ತಿದ್ದ, ನಾನು ಬೈಯುತ್ತಿದ್ದೆ. ಈಗಲೂ ತಿರುವಿನಲ್ಲಿ ನನ್ನ ಬಲ ತೋಳು ಮರಗಟ್ಟುವಷ್ಟು ತಣ್ಣಗಾಗುತ್ತದೆ. ನಾನು ಬೈಯಲಿಲ್ಲ. ನೀನು ಅಜ್ಜ ಆದೆ ಕಣೋ ಎಂದು ಹೇಳಿದೆ. ಪಾಪುವಿನ ಕಣ್ಣು ಯಾರ ಹಾಗಿದೆ ಎಂಬುದನ್ನೂ ಹೇಳಿದೆ. ಎರಡು ವರ್ಷದಲ್ಲಿ ನಾನು ಅಷ್ಟು ಸಂತೋಷವಾಗಿ ಇದ್ದದ್ದೇ ಇಲ್ಲ. ನಿನ್ನ ಪತ್ರ ಬಂದಿರದಿದ್ದರೆ ಇದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಆದರೆ ಮೊನ್ನೆ ಹಿಂದಿರುಗಿ ಬರುವಾಗ ತಿರುಗಿ ನೋಡಿದೆ. ಲಾರಿ ಹೊರುವಷ್ಟು ದಪ್ಪ ಮಂಜುಗಡ್ಡೆ ಅದು. ನನ್ನ ಎರಡು ಚಕ್ರ ಹೋದ ದಾರಿ ಬೆಳ್ಳಗೆ ಗಟ್ಟಿಯಾಗಿತ್ತು. ಸೈಡ್‌ಕಾರಿನ ಚಕ್ರ ಹೋದ ದಾರಿಯುದ್ದಕ್ಕೂ ಬಿರುಕು ಬಿಟ್ಟು ಕಪ್ಪು ನೀರು ಮೇಲೆ ಬಂದಿತ್ತು. ಆ ಬಿರುಕು ನನ್ನ ಹಿಂದೆಯೇ ಬರುತ್ತಿತ್ತು. ಪಾಪುವನ್ನು ಕೂರಿಸಬೇಕಾದದ್ದು ಅದೇ ಸೀಟಿನಲ್ಲಿ.

ನಿನ್ನೆ ಕಪ್ಪು ಲಂಗ ಉಟ್ಟೆ. ವಿಲ್ಮಾ ಅಜ್ಜಿಯೇ ಸೊಂಟದ ಪಟ್ಟಿ ಬಿಗಿದಳು. ಕಡಲಿನ ಮಧ್ಯೆ, ದಾರಿಗುರುತಿಗೆ ನೆಟ್ಟ ಜುನಿಪರ್ ಕೊಂಬೆಗಳ ಹತ್ತಿರ ಎಂಜಿನ್ ನಿಲ್ಲಿಸಿ, ಅವನ ಕಡೆಗೆ ನೋಡದೆ ಹೇಳಿದೆ: "ಮಿಹ್ಕೆಲ್, ಇಳಿಯಪ್ಪಾ. ಈ ಜಾಗ ಮಗೂದು."

ಅವನು ಜೀವದಲ್ಲಿದ್ದಾಗ ಯಾವ ಮಾತನ್ನಾದರೂ ಒಂದೇ ಸಲಕ್ಕೆ ಕೇಳಿದ್ದನೇ? ನಿನ್ನೆ ಕೇಳಿದ. ಸ್ಪ್ರಿಂಗ್ ಮೆಲ್ಲಗೆ ಮೇಲೆದ್ದಿತು, ಮಂಡಿನೋವಿನ ಮನುಷ್ಯ ಕೈಯೂರಿ ಏಳುತ್ತಾನಲ್ಲ ಹಾಗೆ. ಗಾಡಿ ಶುರು ಮಾಡಿ ಬಲಕ್ಕೆ ತಿರುಗಿಸಿದೆ. ಸೈಡ್‌ಕಾರಿನ ಚಕ್ರ ಗಾಳಿಗೆ ಹಾರಿತು. ನಾನು ಅಲ್ಲೇ ನಿಲ್ಲಿಸಿ ಬಾಯಿಬಿಟ್ಟು ಅತ್ತೆ ರೀತ್. ಅವನು ಕಡಲಿಗೆ ಹೋದ ದಿನ ಅಳದದ್ದನ್ನೆಲ್ಲ ಅತ್ತೆ.

ಇನ್ನು ಹೆದರಬೇಕಾದದ್ದಿಲ್ಲ. ಶನಿವಾರ ಬೆಳಕು ಹರಿದ ಮೇಲೆ ಹೊರಟು ಬರುತ್ತೇನೆ. ತಾಡಪಾಲನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿದ್ದೇನೆ, ಸೀಟಿಗೆ ಕುರಿಚರ್ಮ ಹಾಸಿದ್ದೇನೆ. ಪಾಪುವಿಗೆ ಉಣ್ಣೆಯದು ಎರಡು ಟೋಪಿ ಹಾಕು. ನನ್ನ ಕಪ್ಪು ಲಂಗ ನೋಡಿ ಗಾಬರಿಯಾಗಬೇಡ. ಪುಟಾಣಿಯನ್ನು ಎತ್ತಿಕೊಳ್ಳಲು ನನ್ನ ತೋಳು ತವಕಿಸುತ್ತಿದೆ.

ನಿನ್ನನ್ನು ಹೆತ್ತ,
ಹೆಲ್ಯು

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಅಂಚೆಯ ಆಲ್ಮಾ ಕಾಗದ ಒಯ್ಯಲು ಬಂದಳು. ಕಾಫಿ ಕುಡಿಯುತ್ತಾ ಕೇಳಿದಳು: "ನಿನ್ನೆ ನೀನು ಕಡಲಿಂದ ಬರೋದು ನೋಡ್ದೆ. ಅಲ್ಲ ಕಣೆ, ಸೈಡ್‌ಕಾರ್ ಖಾಲಿ ಇಟ್ಕೊಂಡು ಆ ಮನುಷ್ಯನ್ನ ಯಾಕೆ ಹಿಂದಿನ ಸೀಟಲ್ಲಿ ಕೂರಿಸ್ಕೊಂಡಿದ್ದೆ? ಮೈಯೆಲ್ಲ ತೊಪ್ಪೆ ಆಗಿತ್ತು ಪಾಪ. ನಿನ್ನ ಬೆನ್ನಿಗೆ ಮುಖ ಒತ್ತಿ, ಸೊಂಟ ಗಟ್ಟಿಯಾಗಿ ತಬ್ಕೊಂಡು ಕೂತಿದ್ದ. ದಡಕ್ಕೆ ಬಂದ ಮೇಲೂ ಇಳೀಲಿಲ್ಲ, ನಿನ್ನ ಹಿಂದೇನೇ ಮನೆಯೊಳಗೆ ಬಂದ."

ಅವಳು ಹೊರಗೆ ಕಾಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ನಾನು ಶನಿವಾರ ಬರುವುದಿಲ್ಲ. ಪಾಪುವನ್ನು ಕರೆದುಕೊಂಡು ಪಾರ್ನುವಿನಿಂದ ಬರುವ ಪುಟ್ಟ ವಿಮಾನದಲ್ಲಿ ಬಾ, ವಿಲ್ಮಾ ಅಜ್ಜಿ ಬಂದು ನಿಮ್ಮನ್ನು ತನ್ನ ಮನೆಗೆ ಕರೆದೊಯ್ಯುತ್ತಾಳೆ. ಚರ್ಚಿನಲ್ಲಿ ನಾನು ಹಿಂದಿನ ಸಾಲಿನಲ್ಲಿ ನಿಂತು ನೋಡುತ್ತೇನೆ. ನಾನು ಎಷ್ಟೇ ಅಂಗಲಾಚಿದರೂ ಮಗುವನ್ನು ನನ್ನ ಕೈಗೆ ಕೊಡಬೇಡ.