ಪೆಟ್ರೋಲಿನ ಮುಳ್ಳು

ಅಪ್ಪಾ,

ಸಾಯುವಾಗ ನನ್ನ ತಲೆಗೆ ಕಟ್ಟಿಹೋದೆಯಲ್ಲ, ಆ ಹಳೇ ಎಂ.ಜಿ. ಕಾರು ನನ್ನ ಜೀವ ಹಿಂಡುತ್ತಿದೆ. ನಾನೇ ಡ್ಯಾಶ್‌ಬೋರ್ಡ್ ಬಿಚ್ಚಿ, ಇಲಿ ಕಡಿದ ವೈರುಗಳನ್ನೆಲ್ಲ ಬದಲಾಯಿಸಿದೆ. ಎಂಜಿನ್ ಬಿಸಿ ತೋರಿಸುವ ಮುಳ್ಳು ಎದ್ದಿತು, ಆಯಿಲ್ ಮುಳ್ಳು ಎದ್ದಿತು. ಪೆಟ್ರೋಲಿನದು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಹೊಸ ಮೀಟರ್ ಹಾಕಿದೆ, ನಿನ್ನನ್ನು ಬಾಯಿಗೆ ಬಂದಂತೆ ಬೈದೆ.

ಇವತ್ತು ಪಕ್ಕದ ಮನೆಯ ಡೆಸ್ಮಂಡ್ ಡಿಕ್ಕಿಯ ಕಾರ್ಪೆಟ್ ಎತ್ತಿ ನೋಡಿ ನಕ್ಕುಬಿಟ್ಟ.

"ಏನೂ ಕೆಟ್ಟಿಲ್ಲ ಕಣೇ ಹೇಜಲ್. ಯಾರೋ ಬೇಕಂತಲೇ ಪೆಟ್ರೋಲ್ ಟ್ಯಾಂಕಿನಿಂದ ಮುಳ್ಳಿಗೆ ಹೋಗೋ ವೈರ್ ಕತ್ತರಿಸಿ, ತುದಿಗೆ ನೀಟಾಗಿ ಟೇಪ್ ಸುತ್ತಿದ್ದಾರೆ."

ನಿನ್ನ ಕೈಕೆಲಸ ನನಗೆ ಗೊತ್ತಾಗದೇ?

ನೀನೂ ಅಮ್ಮನೂ ಬೇರೆಯಾದ ಮೇಲೆ ಭಾನುವಾರ ಮಾತ್ರ ನಾನು ನಿನ್ನ ಪಾಲಿಗೆ. ಸಂಜೆ ನನ್ನನ್ನು ವಾಪಸ್ ಬಿಡುವಾಗ, ಬಕ್ಸ್ಟನ್ ದಾರಿಯ ಗುಡ್ಡದ ಮೇಲೆ ಪ್ರತಿ ಸಲ ಪೆಟ್ರೋಲ್ ಮುಗಿಯುತ್ತಿತ್ತು. "ಹಾಳು ಮುಳ್ಳು, ಕೈ ಕೊಡ್ತು ನೋಡು" ಅನ್ನುತ್ತ ನೀನು ಫ್ಲಾಸ್ಕಿನಿಂದ ನಿಧಾನವಾಗಿ ಚಹಾ ಬಗ್ಗಿಸುತ್ತಿದ್ದೆ. ಇಬ್ಬರೂ ಕುಡಿದು ಮುಗಿಸಿದ ಮೇಲಷ್ಟೇ ಡಿಕ್ಕಿಯಿಂದ ಪೆಟ್ರೋಲ್ ಕ್ಯಾನ್ ಹೊರಬರುತ್ತಿತ್ತು. ಒಂದು ದಿನ ನಾನು, "ಈ ಡಬ್ಬಾ ಕಾರಲ್ಲಿ ಇನ್ಮೇಲೆ ಬರಲ್ಲ" ಅಂದೆ. ಬರಲೂ ಇಲ್ಲ.

"ಇನ್ನೊಂಚೂರು ಹೊತ್ತು ಇರು ಮಗಳೇ" ಅಂತ ಬಾಯಿಬಿಟ್ಟು ಹೇಳೋಕೆ ನಿನಗೇನು ಧಾಡಿಯಾಗಿತ್ತು?